ದನ, ಧನ ಮತ್ತು ಜೆಪಿಜಿ

ಮಗುವಿನ ಫೋಟೊ, ಮದುವೆಯ ಕರೆಯೋಲೆ, ಹಳೆಯ ಪುಸ್ತಕದ ಸ್ಕ್ಯಾನ್: ಏನೇ ಇರಲಿ, ಜೆಪಿಜಿಯಲ್ಲೇ ಉಳಿಸುವುದು ರೂಢಿಯಾಗಿಬಿಟ್ಟಿದೆ. ಫೋಟೊಗಳಿಗೆ ಇದರಿಂದ ಲಾಭವೇ. ಪೆಟ್ಟು ಬೀಳುವುದು ಅಕ್ಷರಗಳಿಗೆ.

1992ರಲ್ಲಿ ಬಂದ ಜೆಪಿಜಿಯ ತಳಹದಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಗಣಿತ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್, ಕೆ.ಆರ್. ರಾವ್ ಜೊತೆಗೂಡಿ 1974ರಲ್ಲಿ ಇದನ್ನು ಪ್ರಕಟಿಸಿದರು. ಜೆಪಿಜಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಬಣ್ಣ ಮೆಲ್ಲಗೆ ಬದಲಾಗುವ ಆಕಾಶದಲ್ಲಿ, ಮುಖದಲ್ಲಿ ಈ ನಷ್ಟ ಗೊತ್ತೇ ಆಗುವುದಿಲ್ಲ. ಫೈಲ್ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಅದ್ಭುತ ಸಾಧನೆ.

ಆದರೆ ಕಪ್ಪಿನಿಂದ ಬಿಳಿಗೆ ಥಟ್ಟನೆ ಜಿಗಿಯುವ ಅಕ್ಷರದ ಅಂಚು ಸ್ಫುಟವಾಗಿ ಮೂಡಲು ಬೇಕಾದದ್ದು ಆ ಸೂಕ್ಷ್ಮ ಏರಿಳಿತಗಳೇ. ಬಿಗಿಯಾಗಿ ಕುಗ್ಗಿಸಿದ ಜೆಪಿಜಿಯಲ್ಲಿ 'ಧನ' ಎಂಬ ಪದವನ್ನು ಹಿಗ್ಗಿಸಿ ನೋಡಿದರೆ ಅಂಚಿನ ಸುತ್ತ ಬೂದು ಚುಕ್ಕೆಗಳು ಕಾಣುತ್ತವೆ. ಸಣ್ಣ ಅಕ್ಷರಗಳಲ್ಲಂತೂ 'ಧ'ದ ಹೊಟ್ಟೆಯ ಸೀಳು ಕಲಸಿಹೋಗಿ ಅದು 'ದನ'ವೇ ಆಗಿಬಿಡಬಹುದು. ಒತ್ತಕ್ಷರಗಳ ಗತಿಯೂ ಇದೇ. ತಿದ್ದಿ ಮತ್ತೆ ಜೆಪಿಜಿಯಾಗಿ ಉಳಿಸಿದಾಗಲೆಲ್ಲ ಹಾನಿ ಹೆಚ್ಚುತ್ತದೆ. ಆಮೇಲೆ ನಷ್ಟವಿಲ್ಲದೆ ಉಳಿಸುವ ಪಿಎನ್‌ಜಿಗೆ ಬದಲಿಸಿದರೂ ಕಳೆದದ್ದು ಮರಳುವುದಿಲ್ಲ.

ಅಕ್ಷರಗಳಿರುವ ಚಿತ್ರಕ್ಕೆ ಪಿಎನ್‌ಜಿಯನ್ನು ಮೊದಲೇ ಆರಿಸಬೇಕು. 1987ರ ಜಿಫ್ ಎಂಬ ಚಿತ್ರ ಮಾದರಿ ಬಳಸುತ್ತಿದ್ದ ಕುಗ್ಗಿಸುವ ವಿಧಾನದ ಪೇಟೆಂಟ್ ಯೂನಿಸಿಸ್ ಕಂಪನಿಯದಾಗಿತ್ತು. ಅದಕ್ಕೆ ಶುಲ್ಕ ಕೇಳಿದಾಗ ಎದ್ದ ಅಸಮಾಧಾನದಿಂದ ಹುಟ್ಟಿ, 1996ರಲ್ಲಿ ಮಾನದಂಡವಾದದ್ದು ಪಿಎನ್‌ಜಿ. ಜಿಫ್‌ನ 256 ಬಣ್ಣಗಳ ಮಿತಿ ಇದಕ್ಕಿಲ್ಲ. ಒಂದು ಪಿಕ್ಸೆಲ್ಲೂ ಕಳೆಯುವುದಿಲ್ಲ. ಒಂದೇ ಬಣ್ಣದ ಹಿನ್ನೆಲೆಯ ಪೋಸ್ಟರ್, ಸ್ಕ್ರೀನ್‌ಶಾಟ್, ಲೋಗೊಗಳಲ್ಲಿ ಇದರ ಫೈಲ್ ಎಷ್ಟೋ ಸಲ ಜೆಪಿಜಿಗಿಂತ ಚಿಕ್ಕದಾಗಿರುತ್ತದೆ. ಫೋಟೊಗಳಿಗೆ ಮಾತ್ರ ಇದು ಸಲ್ಲದು, ಗಾತ್ರ ಹಲವು ಪಟ್ಟು ಉಬ್ಬುತ್ತದೆ.

2010ರಲ್ಲಿ ಗೂಗಲ್ ತಂದ ವೆಬ್‌ಪಿ ನಷ್ಟವಿರುವ, ನಷ್ಟವಿಲ್ಲದ ಎರಡೂ ಬಗೆಯಲ್ಲಿ ಕುಗ್ಗಿಸಬಲ್ಲದು. ಜಾಲತಾಣಗಳಿಗೆ ಒಳ್ಳೆಯ ಆಯ್ಕೆ. ಹಳೆಯ ತಂತ್ರಾಂಶಗಳಲ್ಲಿ ತೆರೆಯದಿರುವುದು ಇದರ ಕೊರತೆ. 2017ರಿಂದ ಐಫೋನ್‌ಗಳಲ್ಲಿ ಬಂದ ಹೆಚ್‌ಇಐಸಿ ಜಾಗ ಉಳಿಸುತ್ತದೆ, ಆದರೆ ಜೆಪಿಜಿಯನ್ನೇ ಕೇಳುವ ಆನ್‌ಲೈನ್ ಅರ್ಜಿಗಳಲ್ಲಿ ನಡೆಯುವುದಿಲ್ಲ.

ಹೆಚ್ಚಿನ ಎಚ್ಚರ ಬೇಕಾದದ್ದು ಹಳೆಯ ಪುಸ್ತಕ, ತಾಳೆಗರಿಗಳ ಸ್ಕ್ಯಾನ್‌ನಲ್ಲಿ. ಮೂಲ ಪ್ರತಿಯನ್ನು ನಷ್ಟವಿಲ್ಲದ ಟಿಫ್‌ನಲ್ಲಿ ಕಾದಿಟ್ಟು, ಹಂಚಲು ಅದರಿಂದಲೇ ಜೆಪಿಜಿ ತೆಗೆಯುವುದು ಸರಿಯಾದ ಕ್ರಮ. ಜಾಗ ಉಳಿಸಲು ಜೆಪಿಜಿಯೊಂದನ್ನೇ ಇಟ್ಟುಕೊಂಡರೆ, ತಾಳೆಗರಿ ಶಿಥಿಲವಾದ ಮೇಲೆ ಮುಂದಿನ ಸಂಶೋಧಕರಿಗೆ ಸಿಗುವುದು ಆ ಮಸುಕು ಪ್ರತಿಯೊಂದೇ.