ಅರೆ ತೇದಿಯ ಶಾಸನಗಳೂ ಹುಡುಕುವ ಯಂತ್ರವೂ

ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳಲ್ಲಿ ಆರನೆಯದು (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳನ್ನೂ ಏಳನೆಯದು (1979) ನಾಗಮಂಗಲವೇ ಮೊದಲಾದ ತಾಲ್ಲೂಕುಗಳ ಶಾಸನಗಳನ್ನೂ ಒಳಗೊಂಡಿವೆ. ಓದುತ್ತ ಹೋದವರಿಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ: ಕಲ್ಲು ಎಲ್ಲ ಸಲವೂ ಪೂರ್ತಿ ತೇದಿಯನ್ನು ಹೇಳುವುದಿಲ್ಲ. ಒಂದು ಕಡೆ ಶಕವರ್ಷವಿದ್ದ ಭಾಗವೇ ಚಕ್ಕೆಯೆದ್ದು ಹೋಗಿರುತ್ತದೆ. ಇನ್ನೊಂದು ಕಡೆ ಸಂವತ್ಸರದ ಹೆಸರಷ್ಟೇ. ಎಷ್ಟೋ ವೀರಗಲ್ಲುಗಳಲ್ಲಿ ಅದೂ ಇಲ್ಲ. ಅಂಥಲ್ಲಿ ಬಲ್ಲ ಸಂಪಾದಕರು ಶತಮಾನವನ್ನು ಸೂಚಿಸಿ ಸುಮ್ಮನಾಗುತ್ತಾರೆ. ಆ ಮೌನವನ್ನೂ ನಾನು ವಿದ್ವತ್ತೆಂದೇ ಎಣಿಸುತ್ತೇನೆ.

ಈಗ ಇಂಥ ಸಾಮಗ್ರಿಯನ್ನು ಗಣಕಯಂತ್ರಕ್ಕೆ ತುಂಬಿ ಹುಡುಕುವ ಕಾಲ ಬಂದಿದೆ. ಸಂತೋಷವೇ. ಆದರೆ ಓದುಗನು ಕೊಟ್ಟ ಅರೆ ತೇದಿಯನ್ನು ತಂತ್ರಾಂಶ ಏನು ಮಾಡುತ್ತದೆಂದು ಯಾರಾದರೂ ಕೇಳಬೇಡವೆ? 'ಎಲಾಸ್ಟಿಕ್‌ಸರ್ಚ್' ಎಂಬುದು ಕಾಲಾವಧಿಯೊಳಗೆ ಹುಡುಕುವಾಗ, ತಿಂಗಳಿಲ್ಲದಿದ್ದರೆ ಜನವರಿಯನ್ನೂ ದಿನವಿಲ್ಲದಿದ್ದರೆ ಒಂದನೆಯ ತೇದಿಯನ್ನೂ ತಾನೇ ಹಾಕಿಕೊಳ್ಳುತ್ತದೆ. ಪೈಥಾನಿನ 'ಡೇಟ್‌ಯುಟಿಲ್' ಇನ್ನೂ ಧಾರಾಳಿ: ಬೇರೆ ಅಪ್ಪಣೆಯಿಲ್ಲದಿದ್ದರೆ, ಬರಿಯ ವರ್ಷಕ್ಕೆ ಇವತ್ತಿನ ತಿಂಗಳನ್ನೂ ದಿನವನ್ನೂ ಅಂಟಿಸುತ್ತದೆ. ಹೊಯ್ಸಳರ ಭೂದಾನಕ್ಕೆ ನಾವು ಹುಡುಕಲು ಕುಳಿತ ದಿನವೇ ಮುಹೂರ್ತ!

ಇದು ನಗೆಯ ಮಾತಷ್ಟೇ ಅಲ್ಲ. ಶಕ 1100 ಎಂದರೆ 1178ರ ಯುಗಾದಿಯಿಂದ 1179ರ ಯುಗಾದಿಯ ಹಿಂದಿನ ದಿನದವರೆಗೆ. 78 ಕೂಡಿಸಿ ಜನವರಿ ಒಂದೆಂದು ಬರೆದುಕೊಂಡರೆ ಸಿಕ್ಕುವುದು ಹಿಂದಿನ ಸಂವತ್ಸರದ ದಿನ; ಶಾಸನ ಹೇಳುವ ವರ್ಷಕ್ಕೆ ಅದು ಸೇರಿದ್ದೇ ಅಲ್ಲ. ಇನ್ನು ಒಡೆದ ಕಲ್ಲೊಂದರಲ್ಲಿ 'ವಿಳಂಬಿ' ಎಂಬ ಸಂವತ್ಸರವೂ 'ಬಲ್ಲಾಳ' ಎಂಬ ಹೆಸರೂ ಮಾತ್ರ ಉಳಿದಿವೆ ಎನ್ನೋಣ. ವಿಳಂಬಿ 1178, 1238, 1298ರಲ್ಲಿ ಬಂದಿತ್ತು. ನಡುವಿನದು ಸೋಮೇಶ್ವರನ ಕಾಲ, ಬಿಡಬಹುದು. ಮೊದಲನೆಯದು ಇಮ್ಮಡಿ ಬಲ್ಲಾಳನದು, ಕೊನೆಯದು ಮುಮ್ಮಡಿ ಬಲ್ಲಾಳನದು. ಎರಡಕ್ಕೂ ನಡುವೆ 120 ವರ್ಷ! ಲಿಪಿಯನ್ನು ನೋಡದೆ ಆರಿಸುವುದು ಸಾಹಸ. ಯಂತ್ರವಾದರೋ ಲಿಪಿಯನ್ನು ನೋಡಿಲ್ಲ.

ಶ್ರೀರಂಗಪಟ್ಟಣದ ಟಂಕಸಾಲೆಯ ಪಾಡು ಬೇರೆ. ಟೀಪು 1787ರ ಸುಮಾರಿಗೆ ಮೌಲೂದಿ ಶಕೆಯನ್ನು ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ನಾಲ್ಕಂಕಿಗಳೂ ಇವೆ, ತೇದಿ ಮಾತ್ರ ಅಪೂರ್ಣ.

ದಾರಿ ಇಲ್ಲವೆಂದಲ್ಲ. 'ಸೋಲರ್' ತಂತ್ರಾಂಶದಲ್ಲಿ ಬರಿಯ ವರ್ಷವನ್ನು ಇಡೀ ವರ್ಷದ ಅವಧಿಯಾಗಿಯೇ ಹಿಡಿಯುವ ಏರ್ಪಾಡಿದೆ. 2019ರ ಐಎಸ್‌ಒ 8601ರ ಎರಡನೆಯ ಭಾಗ, ತಿಳಿಯದ ಅಂಕಿಗೂ ಸುಮಾರಿನ ವರ್ಷಕ್ಕೂ 'ಇವುಗಳಲ್ಲಿ ಒಂದು' ಎಂಬುದಕ್ಕೂ ಗುರುತುಗಳನ್ನು ಕೊಟ್ಟಿದೆ. ಆದರೆ ಅದು ಗ್ರೆಗೋರಿಯನ್ ಪಂಚಾಂಗದ ಲೆಕ್ಕ. ಸಂವತ್ಸರದಿಂದ ಅಲ್ಲಿಗೆ ಸೇತುವೆ ಕಟ್ಟುವವರು ನಾವೇ ಆಗಬೇಕು. 'ವಿಳಂಬಿ, ಬಲ್ಲಾಳ' ಎಂದು ಕೇಳಿದವನಿಗೆ ಯಂತ್ರ ಎರಡು ವರ್ಷಗಳನ್ನೂ ತೋರಿಸಲಿ, ಕಾರಣವನ್ನೂ ಹೇಳಲಿ. ತೇದಿಯೇ ಇಲ್ಲದ ವೀರಗಲ್ಲನ್ನು ಪಟ್ಟಿಯ ಕೊನೆಯಲ್ಲಾದರೂ ಇಡಲಿ; ಈಗಿನ ಕ್ರಮದಲ್ಲಿ, ಕಾಲಾವಧಿ ಕೊಟ್ಟು ಹುಡುಕಿದರೆ, ಊರಿನ ತುರು ಕಾದು ಸತ್ತವನ ಕಲ್ಲು ಕಣ್ಣಿಗೇ ಬೀಳದು.