ಮುಂಭಾರ, ಹಿಂಭಾರ

ಪಿಕಪ್ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಅಳತೆ ಟೇಪು ಇಟ್ಟುಕೊಂಡು ಹೋಗಬೇಕು. ಶೋರೂಮಿನ ಹುಡುಗ ಮೈಲೇಜು ಹೇಳುತ್ತಾನೆ, ತಿಂಗಳ ಕಂತು ಹೇಳುತ್ತಾನೆ, ಎಷ್ಟು ಟನ್ ತಡೆಯುತ್ತದೆ ಎಂದು ಟೈರಿಗೆ ಒದ್ದು ತೋರಿಸುತ್ತಾನೆ. ಬಾಡಿಯೊಳಗೆ ಎಷ್ಟು ಚದರಡಿ ಜಾಗವಿದೆ ಎಂದು ಕೇಳಿ ನೋಡಿ, ಮೊಬೈಲು ತೆಗೆದು ಹುಡುಕಲು ಶುರು ಮಾಡುತ್ತಾನೆ.

ಟೇಪಿನ ಮಾತು ಬಂದದ್ದು ಕನಕಪುರ ಕಡೆಯ ಓದುಗರೊಬ್ಬರ ಫೋನಿನಿಂದ. ಅವರ ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಗಳಿವೆ. ಸಂಕ್ರಾಂತಿ ಹೊತ್ತಿಗೆ ಕೆಂಗಲ್ ದನಗಳ ಜಾತ್ರೆ, ಆಮೇಲೆ ಮಾಗಡಿ ರಂಗನಾಥಸ್ವಾಮಿ ಜಾತ್ರೆ, ನಡುವೆ ಎಲ್ಲಿ ಗಾಡಿ ಓಟ ಇಟ್ಟರೆ ಅಲ್ಲಿಗೆ ಅವನ್ನು ಒಯ್ಯಬೇಕು. ಬಾಡಿಗೆ ವಾಹನ ಹಿಡಿದು ಸಾಕಾಗಿದೆ. "ಸ್ವಂತಕ್ಕೊಂದು ತಗಂಬುಡಾಣ ಅಂತಿದೀನಿ ಸಾರ್. ಯಾವ್ದು ಜೋರಾಗಿ ಎಳೀತದೆ, ಅದೊಂದು ಹೇಳ್ಬುಡಿ" ಎಂದರು.

ಎಳೆಯುವುದು ಹೋರಿಯ ಕಸುಬು. ಹೋರಿಯನ್ನು ಒಯ್ಯುವ ವಾಹನ ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದು ಕಟ್ಟಕಡೆಗೆ ಕೇಳಬೇಕಾದ ಮಾತು. ಹೋರಿ ಅದರಲ್ಲಿ ಹೇಗೆ ನಿಲ್ಲುತ್ತದೆ, ಅದು ಹೋರಿಯನ್ನು ಹೊತ್ತು ಹೇಗೆ ನಿಲ್ಲುತ್ತದೆ, ಇವೆರಡು ಮೊದಲು.

ನಮ್ಮಜ್ಜನ ಕಾಲದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಜಾತ್ರೆಗೆ ಹೋರಿಗಳು ನಡೆದೇ ಹೋಗುತ್ತಿದ್ದವು. ಬೆಳದಿಂಗಳು ನೋಡಿಕೊಂಡು ಸಂಜೆ ಹೊರಟರೆ ಬೆಳಗಿನ ಹೊತ್ತಿಗೆ ಜಾತ್ರೆ ಮಾಳ. ಈಗ ಆ ದಾರಿ ಇಲ್ಲ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಮೋಟಾರಿಲ್ಲದ ಬಂಡಿ ಯಾವುದೂ ಹತ್ತುವಂತಿಲ್ಲ. ಎತ್ತಿನ ಗಾಡಿಗೆ ಪ್ರವೇಶವಿಲ್ಲದ ರಸ್ತೆಯಲ್ಲಿ ಎತ್ತು ಹೋಗಬೇಕಾದರೆ ಪಿಕಪ್ ಏರಿಯೇ ಹೋಗಬೇಕು. ಇನ್ನೊಂದು ಕಡೆ ಓಟದ ಹುರುಪು ಹೆಚ್ಚಿದೆ. ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟು ಕರ್ನಾಟಕ 2017ರಲ್ಲಿ ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಅಂದಿನಿಂದ ನಮ್ಮ ರಾಮನಗರ ಸೀಮೆಯಲ್ಲಿ ಓಟದ ಜೋಡಿ ಸಾಕುವವರು ಎದೆಯುಬ್ಬಿಸಿ ಮಾತಾಡುತ್ತಾರೆ.

ನನಗೆ ಹೋರಿ ಸಾಗಿಸುವ ವಿಷಯ ತಲೆಗೆ ಹತ್ತಿದ್ದು ಒಂದು ಕೆಟ್ಟ ಪ್ರಯಾಣದಿಂದ. ಸೋದರಮಾವನ ಜೋಡಿಯನ್ನು ಮಾಗಡಿ ಜಾತ್ರೆಗೆ ಒಯ್ಯಲು ಬಾಡಿಗೆಗೆ ಒಂದು ಪಿಕಪ್ ಹಿಡಿದಿದ್ದೆವು. ಹೊಸ ವಾಹನ, ಮಿಣಮಿಣ ಬಣ್ಣ, ಬಾಡಿಯ ನೆಲ ಬರಿಯ ಕಬ್ಬಿಣದ ತಗಡು. ಹೋರಿಗಳಿಗೆ ಹಿಂದಿನ ವಾರವಷ್ಟೇ ಹೊಸ ಲಾಳ ಕಟ್ಟಿಸಿತ್ತು. ಕಬ್ಬಿಣದ ಮೇಲೆ ಕಬ್ಬಿಣ. ರಾಮನಗರ ದಾಟಿ ಮಾಗಡಿ ರಸ್ತೆಯ ಮೊದಲ ಹಂಪಿಗೇ ಎಡಗೋಲಿನ ಹೋರಿ ಮುಂಗಾಲು ಜಾರಿ ಮಂಡಿಯೂರಿತು. ಅದು ಏಳಲು ಹೆಣಗಿದ ಸದ್ದು, ತಗಡಿನ ಮೇಲೆ ಲಾಳ ಉಜ್ಜಿದ ಸದ್ದು, ಇವತ್ತಿಗೂ ಕಿವಿಯಲ್ಲಿದೆ. ಮಾವ ಕ್ಯಾಬಿನ್ನಿನ ಗಾಜು ಬಡಿದು ನಿಲ್ಲಿಸಿದ. ದಾರಿಬದಿಯ ಹೊಲದವರ ಬಣವೆಯಿಂದ ಎರಡು ಹೊರೆ ರಾಗಿಹುಲ್ಲು ಬೇಡಿ ತಂದು ಕಾಲಡಿಗೆ ಹರಡಿದೆವು. ಜಾತ್ರೆಯಲ್ಲಿ ಇಳಿಸಿದ ಮೇಲೆ ಮಾವ ಹೋರಿಯ ಸುಲಿದ ಮಂಡಿಯನ್ನು ನೋಡಲಿಲ್ಲ, ಬಾಯಿ ನೋಡುತ್ತ ಕೂತ. "ಏನ್ ಮಾವ?" ಅಂದೆ. "ಮೆಲುಕು ಹಾಕ್ತಿಲ್ಲ ಕಣ್ಲಾ" ಅಂದ. ಬೆದರಿದ ದನ ಮೆಲುಕು ಹಾಕುವುದಿಲ್ಲ. ಅವತ್ತು ಕತ್ತಲಾಗುವವರೆಗೂ ಆ ಹೋರಿಯ ದವಡೆ ಅಲ್ಲಾಡಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಇದನ್ನೆಲ್ಲ 1978ರ ಪ್ರಾಣಿ ಸಾಗಣೆ ನಿಯಮಗಳು ಆಗಲೇ ಹೇಳಿವೆ. ನೆಲಕ್ಕೆ ಜಾರದಂತೆ ತೆಂಗಿನ ನಾರಿನ ಚಾಪೆಯನ್ನೋ ಮರದ ಹಲಗೆಯನ್ನೋ ಹಾಕಬೇಕು. ಬಾಡಿಯ ಪಕ್ಕಗಳು ತಗ್ಗಾಗಿದ್ದರೆ ಎತ್ತರಿಸಬೇಕು. ದನಗಳ ಜೊತೆ ಬೇರೆ ಸಾಮಾನು ತುಂಬಬಾರದು. ನೋಡಿಕೊಳ್ಳಲು ಒಬ್ಬ ಆಳಿರಬೇಕು. ಪ್ರಯಾಣಕ್ಕೆ ತಕ್ಕಷ್ಟು ಆರೋಗ್ಯವಿದೆ ಎಂಬ ಪಶುವೈದ್ಯರ ಪತ್ರ ಕೈಯಲ್ಲಿರಬೇಕು. ಆದಷ್ಟೂ ದನಗಳ ಮುಖ ಎಂಜಿನ್ನಿನ ಕಡೆಗಿರಬೇಕು. ತೆಂಗಿನ ನಾರಿಗೆ ಬರವಿಲ್ಲದ ಚನ್ನಪಟ್ಟಣ ಸೀಮೆಯಲ್ಲಿ ಹೋರಿಯೊಂದು ತಗಡಿನ ಮೇಲೆ ಜಾರಿ ಬೀಳುವುದು ನಮ್ಮ ಸೋಮಾರಿತನವೇ ಹೊರತು ಬೇರೇನಲ್ಲ.

ಈಗ ಟೇಪಿಗೆ ಬರೋಣ. 2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ತಿದ್ದುಪಡಿಯ ಪ್ರಕಾರ ಒಂದು ದನಕ್ಕೆ 2 ಚದರ ಮೀಟರ್ ಜಾಗ ಬೇಕು. ಜೋಡಿಗೆ 4, ಅಂದರೆ 43 ಚದರಡಿ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಶೋರೂಮಿನ ಅರ್ಧ ವಾಹನಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. 2005ರಲ್ಲಿ ಬಂದು ಹಳ್ಳಿಯ ಸರಕು ಸಾಗಣೆಯನ್ನೇ ಬದಲಿಸಿದ ಟಾಟಾ ಏಸ್ ನನಗೆ ಪ್ರೀತಿಯ ಗಾಡಿ. ಆದರೆ ಅದರ ಬಾಡಿ ಉದ್ದ ಏಳು ಅಡಿ ಚಿಲ್ಲರೆ, ಅಗಲ ಐದಡಿಗೂ ಒಂದಿಷ್ಟು ಕಡಿಮೆ. ಸುಮಾರು 35 ಚದರಡಿ ಆಯಿತು. ತೂಕಕ್ಕೂ ಸಾಲದು. ಹಳ್ಳಿಕಾರ್ ಬಿಗಿ ಮೈಯ ತಳಿ. ಆದರೂ ಬೆಳೆದ ಎತ್ತು 350ರಿಂದ 400 ಕಿಲೋ ತೂಗುತ್ತದೆ, ಹುರುಳಿ ಹಾಕಿ ಮೇಯಿಸಿದ್ದು ಇನ್ನೂ ಮೇಲೆ. ಮೊದಲ ಏಸ್ ಹೊರಬೇಕಾದದ್ದು 750 ಕಿಲೋ. ಜೋಡಿ ಹತ್ತಿಸಿದರೆ ಕಾನೂನೂ ಮುರಿಯಿತು, ಕಮಾನೂ ಮುರಿಯಿತು. ಅದಕ್ಕಿಂತ ಅಪಾಯದ ಮಾತೆಂದರೆ, ನಿಂತ ಹೋರಿಯ ಭಾರವೆಲ್ಲ ಕಾಲ ಮೇಲೆ, ಎತ್ತರದಲ್ಲಿ. ಸಿಮೆಂಟ್ ಮೂಟೆ ತಿರುವಿನಲ್ಲಿ ಕಾಲು ಬದಲಿಸುವುದಿಲ್ಲ, ಹೋರಿ ಬದಲಿಸುತ್ತದೆ. ಅಗಲ ಕಡಿಮೆಯಿರುವ ಗಾಡಿ ಆ ಗಳಿಗೆಯಲ್ಲಿ ವಾಲುತ್ತದೆ.

ಅಶೋಕ್ ಲೇಲ್ಯಾಂಡಿನ ದೋಸ್ತ್ 2011ರಿಂದ ನಮ್ಮ ರಸ್ತೆಗಳಲ್ಲಿದೆ. ಎಂಟಡಿ ಚಿಲ್ಲರೆ ಉದ್ದ, ಐದಡಿ ಚಿಲ್ಲರೆ ಅಗಲ, ಒಂದೂಕಾಲು ಟನ್. 43ರ ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತದೆ. ಮಹೀಂದ್ರದ ಬೊಲೆರೊ ಪಿಕಪ್ಪಿನಲ್ಲಿ ಒಂಬತ್ತಡಿ ಬಾಡಿಯದ್ದು ಸುಮಾರು 50 ಚದರಡಿ ಕೊಡುತ್ತದೆ, ಹೋರಿಯ ಕೊಂಬಿಗೂ ಆಳಿನ ಮೊಣಕೈಗೂ ಅನುಕೂಲ. ಹಾಗಾದರೆ ದೊಡ್ಡದೇ ಒಳ್ಳೆಯದೇ? ಇಲ್ಲೇ ಹೆಚ್ಚಿನವರು ಎಡವುವುದು.

ಅಂಥ ದೊಡ್ಡ ಪಿಕಪ್ಪಿನ, 1.7 ಟನ್ ಹೊರಲೆಂದು ಕಟ್ಟಿದ ಕಮಾನು ಪಟ್ಟಿಗಳು 1.7 ಟನ್ ಬಿದ್ದಾಗಲಷ್ಟೇ ಮೆತ್ತಗಾಗುತ್ತವೆ. ನಮ್ಮ ಜೋಡಿ ತೂಗುವುದು ಅದರ ಅರ್ಧ. ಅರೆಹೊಟ್ಟೆಯ ಪಿಕಪ್ ಹಂಪಿನಲ್ಲಿ ಕುಣಿಯುತ್ತದೆ, ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವಷ್ಟರಲ್ಲಿ ಆ ಕುಣಿತವೆಲ್ಲ ಹೋರಿಯ ಗೊರಸು, ಮಂಡಿ, ಸೊಂಟಕ್ಕೆ ಇಳಿಯುತ್ತದೆ. ಓಟದ ಹೋರಿಗೆ ಓಡುವ ಮೊದಲೇ ಕಾಲು ಸೋತರೆ ಏನು ಪ್ರಯೋಜನ? ಆದ್ದರಿಂದ ನನ್ನ ಆಯ್ಕೆ ಒಂದೂಕಾಲರಿಂದ ಒಂದೂವರೆ ಟನ್ನಿನ ಅಂತಸ್ತು. ಹೆಚ್ಚು ಟನ್ನಿನದನ್ನೇ ಕೊಂಡಿದ್ದರೆ ಹೋರಿ ಒಯ್ಯುವ ದಿನ ನಿಧಾನವೊಂದೇ ಮದ್ದು.

ಎಲ್ಲಕ್ಕಿಂತ ದೊಡ್ಡ ಪಾಠವನ್ನು ಯಾವ ಶೋರೂಮೂ ಹೇಳಿಕೊಡುವುದಿಲ್ಲ, ಎತ್ತಿನ ಗಾಡಿ ಹೊಡೆದವರೆಲ್ಲ ಬಲ್ಲರು. ಗಾಡಿಗೆ ಗೊಬ್ಬರ ತುಂಬುವಾಗ ಅಜ್ಜ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಭಾರ ಅಚ್ಚಿನ ಹಿಂದಕ್ಕೆ ಹೋದರೆ ಹಿಂಭಾರ, ನೊಗ ಮೇಲಕ್ಕೆದ್ದು ಜತ್ತಿಗೆ ಎತ್ತಿನ ಕೊರಳು ಬಿಗಿಯುತ್ತದೆ. ತೀರ ಮುಂದಕ್ಕೆ ಬಂದರೆ ಮುಂಭಾರ, ಹೆಗಲು ಹುಣ್ಣಾಗುತ್ತದೆ. ಮೂಕಿ ಹೆಗಲಿನ ಮೇಲೆ ಹಗುರವಾಗಿ ಕೂರುವಷ್ಟು, ಒಂದು ಚೂರು ಮುಂಭಾರವಿರಬೇಕು.

ಪಿಕಪ್ಪಿನಲ್ಲೂ ಅದೇ ಲೆಕ್ಕ. ಹಿಂದಿನ ಚಕ್ರದ ಅಚ್ಚಿನಿಂದ ಬಾಡಿ ಎಷ್ಟು ಆಚೆ ಚಾಚಿದೆ ಎಂದು ಅಳೆಯಿರಿ. ಆ ಚಾಚಿನ ಮೇಲೆ ಭಾರ ಬಿದ್ದಷ್ಟೂ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ದನದ ಮೈಭಾರದಲ್ಲಿ ಅರ್ಧಕ್ಕೂ ಹೆಚ್ಚು ನಿಲ್ಲುವುದು ಮುಂಗಾಲಿನ ಮೇಲೆ, ಕೊಂಬು, ತಲೆ, ಇಣಿ ಎಲ್ಲ ಇರುವುದು ಅಲ್ಲೇ. ಮುಖ ಎಂಜಿನ್ನಿನ ಕಡೆ ಮಾಡಿ ನಿಲ್ಲಿಸಿದರೆ ಆ ಭಾರ ಎರಡು ಅಚ್ಚುಗಳ ನಡುವೆ ಬೀಳುತ್ತದೆ. ಹೋರಿ ಬೆದರದಿರಲೆಂದು ಬರೆದ ನಿಯಮ ಸ್ಟೇರಿಂಗನ್ನೂ ನೆಲಕ್ಕೆ ಹಿಡಿದಿಡುತ್ತದೆ. ಕಟ್ಟುವುದು ಮಾತ್ರ ಕೊರಳ ಹಗ್ಗದಿಂದ. ಮೂಗುದಾರಕ್ಕೆ ಕಟ್ಟಿದರೆ ಒಂದೇ ಬ್ರೇಕಿಗೆ ಮೂಗು ಹರಿಯುತ್ತದೆ.

ಓಟದ ಗಾಡಿಯನ್ನೇನು ಮಾಡುವುದು ಎಂದು ಕೇಳುತ್ತೀರಿ. ದನದ ಜೊತೆ ಹಾಕುವಂತಿಲ್ಲ. ಪಿಕಪ್ಪಿನ ಹಿಂದೆ ಟ್ರೈಲರ್ ಕಟ್ಟುವ ಆಸೆ ಕೆಲವರಿಗಿದೆ. ನಮ್ಮ ಬಿಡದಿಯಲ್ಲೇ 2022ರಿಂದ ಟೊಯೊಟಾ ಹೈಲಕ್ಸ್ ತಯಾರಾಗುತ್ತಿದೆ. 2.8 ಲೀಟರ್ ಡೀಸೆಲ್ ಎಂಜಿನ್ನು, ಆಟೊಮ್ಯಾಟಿಕ್ಕಿನಲ್ಲಿ 500 ನ್ಯೂಟನ್ ಮೀಟರ್ ಟಾರ್ಕು. ಆಸ್ಟ್ರೇಲಿಯಾದಲ್ಲಿ ಇದೇ ಜಾತಿಯ ಹೈಲಕ್ಸ್ ಬ್ರೇಕುಳ್ಳ ಟ್ರೈಲರನ್ನು ಮೂರೂವರೆ ಟನ್ನಿನವರೆಗೆ ಎಳೆಯುತ್ತದೆ. ಕೆನಡಾ, ಅಮೆರಿಕದ ಹಿಮದೂರುಗಳಲ್ಲಿ ಇಂಥ ಪಿಕಪ್ಪುಗಳ ಹಿಂದೆ ಹಿಮದ ಮೇಲೋಡುವ ಮೋಟಾರು ಬಂಡಿಗಳನ್ನು ಟ್ರೈಲರಿನಲ್ಲಿ ಹೇರಿಕೊಂಡು ಹವ್ಯಾಸಿಗಳು ಹೊರಡುತ್ತಾರೆ. ಅವರ ಸೂತ್ರ: ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಬಾಲದಂತೆ ಆಡಿ ಪಿಕಪ್ಪನ್ನೇ ಎಳೆದಾಡುತ್ತದೆ. ಅಜ್ಜ ಒಂದು ಕೈಯಲ್ಲಿ ಮೂಕಿ ಎತ್ತಿ ನೋಡುತ್ತಿದ್ದುದೂ ಇದನ್ನೇ.

ಆದರೆ ಹೈಲಕ್ಸಿನ ಬಾಡಿ ಐದಡಿ ಉದ್ದ, ಅದರಲ್ಲಿ ಹೋರಿ ನಿಲ್ಲದು. ಟ್ರ್ಯಾಕ್ಟರಿನಲ್ಲಿ ಒಯ್ಯೋಣವೆಂದರೆ, ಅದರ ಟ್ರೈಲರುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಬ್ರೇಕಿಲ್ಲ, ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತವೆ, ದಶಪಥಕ್ಕಂತೂ ಹತ್ತುವಂತಿಲ್ಲ. ಓಟದ ಗಾಡಿ ಹಗುರ, ಅದನ್ನು ಒಂದು ಏಸ್‌ಗೆ ಹಾಕಿ ಹಿಂದೆ ಕಳಿಸಿ. ಏಸ್ ಇಲ್ಲಿ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಹೋರಿಗೆ ಪಿಕಪ್ ಬೇಕಾಗುವುದು ವರ್ಷಕ್ಕೆ ಹತ್ತು ಹದಿನೈದು ದಿನ. ಮಿಕ್ಕ ದಿನ ಅದು ಕಂತು ದುಡಿಯಬೇಕು. ಬೇಸಿಗೆಯಲ್ಲಿ ಬಾದಾಮಿ, ಸೇಂದೂರ ಮಾವಿನ ಕ್ರೇಟು. ವರ್ಷವಿಡೀ ರಾಮನಗರದ ಗೂಡಿನ ಮಾರುಕಟ್ಟೆ, ಮದ್ದೂರಿನ ಎಳನೀರು ಮಾರುಕಟ್ಟೆ. ರೇಷ್ಮೆಗೂಡು ಹಗುರ, ಜಾಗ ಮಾತ್ರ ತುಂಬ ತಿನ್ನುತ್ತದೆ. ಒಳಗೆ ಹುಳು ಜೀವಂತವಿರುವುದರಿಂದ ಒತ್ತಿ ತುಂಬಿದರೆ ಬಿಸಿಯೇರಿ ಗೂಡು ಕೆಡುತ್ತದೆ. ಹೋರಿಗಾಗಿ ನೋಡಿದ ಅಗಲ ಬಾಡಿ ಗೂಡಿಗೂ ಒದಗುತ್ತದೆ. ಸಗಣಿ ಮಾತ್ರ ತೊಳೆದು ಒಣಗಿಸಿರಬೇಕು.

ಬಾಡಿಯ ಪಕ್ಕಗಳನ್ನು ಪೈಪು ಬೆಸೆಸಿ ಎತ್ತರಿಸುವಾಗ ಬಿಚ್ಚಿಡುವಂಥ ಚೌಕಟ್ಟು ಮಾಡಿಸಿ, ಬಾಡಿಯನ್ನೇ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕಾಗುತ್ತದೆ. ಹತ್ತಿಸಲು ಹಲಗೆ ಏಣಿಗಿಂತ ಮಣ್ಣಿನ ದಿಬ್ಬ ಮೇಲು. ಹಿಂದಿನ ಡೋರು ಬಿಚ್ಚಿ ಹೊಲದ ಬದುವಿಗೆ ರಿವರ್ಸ್ ಬಂದು ನಿಲ್ಲಿಸಿದರೆ ಹೋರಿ ಮನೆಗೆ ನುಗ್ಗುವ ಹಾಗೆ ನಡೆದು ಒಳಗೆ ಹೋಗುತ್ತದೆ.

ಕನಕಪುರದವರಿಗೆ ಇಷ್ಟನ್ನೂ ಹೇಳಿದೆ. "ಅಂಗಾರೆ ಯಾವ್ದು ತಗಳ್ಳಿ ಸಾರ್?" ಎಂದು ಮತ್ತೆ ಕೇಳಿದರು. ಟೇಪು ಹಿಡಿದು 43 ದಾಟಿದ್ದನ್ನು, ಒಂದೂಕಾಲು–ಒಂದೂವರೆ ಟನ್ನಿನದನ್ನು ಆರಿಸಿ ಅಂದೆ. ಕೊಳ್ಳುವ ಮೊದಲು ಅಂಥದ್ದೇ ಒಂದನ್ನು ಬಾಡಿಗೆಗೆ ಹಿಡಿದು, ಚಾಪೆ ಹಾಸಿ, ಹೋರಿಗಳನ್ನು ಹತ್ತಿಸಿ ಸಾತನೂರಿನವರೆಗೆ ಹೋಗಿ ಬನ್ನಿ. ಇಳಿಸಿ ನೆರಳಿಗೆ ಕಟ್ಟಿ, ನೀರು ತೋರಿಸಿ, ಬೀಡಿ ಸೇದುವವರಾದರೆ ಒಂದು ಬೀಡಿ ಸೇದಿ. ಅಷ್ಟರಲ್ಲಿ ಹೋರಿ ಮೆಲುಕು ಹಾಕಲು ಶುರು ಮಾಡಿದ್ದರೆ ಮುಂಗಡ ಕೊಟ್ಟುಬಿಡಿ.