ಇ-ಸ್ಪೀಕ್‌ನ ಒರಟು ಕನ್ನಡದ ಪರವಾಗಿ

ಕೃತಕ ಬುದ್ಧಿಮತ್ತೆಯ ಕನ್ನಡ ದನಿಗಳು ಬಂದಾಗಿನಿಂದ ತಂತ್ರಜ್ಞಾನದ ಅಂಕಣಗಳಲ್ಲಿ ಒಂದೇ ಹೊಗಳಿಕೆ: ಥೇಟ್ ಮನುಷ್ಯರ ಹಾಗೆ ಮಾತಾಡುತ್ತವೆ, ಅಂಧರಿಗೆ ಇನ್ನೇನು ಬೇಕು! ಜೊತೆಗೇ, ಪಠ್ಯವನ್ನು ಮಾತಾಗಿಸುವ ಇ-ಸ್ಪೀಕ್ ಎಂಬ ಹಳೆಯ ಉಚಿತ ತಂತ್ರಾಂಶಕ್ಕೆ ‘ರೋಬೋಟ್ ದನಿ’ ಎಂಬ ಬೈಗುಳ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಿಡಿದು ದಿನವಿಡೀ ದುಡಿಯುವವರ ಕಿವಿಯನ್ನು ಕೇಳದೆ ಕೊಟ್ಟ ತೀರ್ಪು ಇದು. ನನಗೆ ಒಪ್ಪಿಗೆಯಿಲ್ಲ.

ಜೊನಾಥನ್ ಡಡ್ಡಿಂಗ್ಟನ್ ರೂಪಿಸಿದ ಈ ತಂತ್ರಾಂಶ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್‌ಗಳಿಗೆ ದನಿಯಾಗುತ್ತದೆ. ನೋಡಬೇಕಾದದ್ದು ಅದರ ಕಸುಬನ್ನು. ಯಾರದೋ ಮಾತಿನ ರೆಕಾರ್ಡಿಂಗನ್ನು ತುಂಡರಿಸಿ ಅದು ಜೋಡಿಸುವುದಿಲ್ಲ. ಅಕ್ಷರ ಸಿಕ್ಕೊಡನೆ ನಿಯಮ ಹಿಡಿದು, ಲೆಕ್ಕ ಹಾಕಿ ನಾದ ಹುಟ್ಟಿಸುತ್ತದೆ.

ಫೋನಿನಲ್ಲಿ ಹೆಸರುಗಳ ಪಟ್ಟಿಯ ಮೇಲೆ ಬೆರಳು ಸರಿಸಿ. ‘ಶಿವ’ ಎನ್ನುವಷ್ಟರಲ್ಲೇ ಬೇಕಾದವನು ಇವನಲ್ಲವೆಂದು ತಿಳಿದು ಬೆರಳು ಮುಂದೆ ಹೋಗಿರುತ್ತದೆ. ಹಿಂದಿನ ಹೆಸರು ಅಲ್ಲಿಗೇ ನಿಂತು ಮುಂದಿನದು ಆಗಲೇ ಶುರುವಾಗಬೇಕು. ಇ-ಸ್ಪೀಕ್ ಅಷ್ಟು ಚುರುಕು. ಇಂಪಿನ ದನಿಗಳಲ್ಲಿ ಹಲವು ಪ್ರತಿ ಹೆಸರಿಗೂ ಒಂದಿಷ್ಟು ತಡೆಯುತ್ತವೆ. ಪಟ್ಟಿ ಉದ್ದವಾದಷ್ಟೂ ಆ ತಡೆ ಪ್ರಾಣ ಹಿಂಡುತ್ತದೆ. ವೇಗ ಎರಡು ಮೂರು ಪಟ್ಟು ಏರಿಸಿದರೆ ಅವುಗಳ ಮಾತು ಕಲಸಿಹೋಗುತ್ತದೆ, ಒರಟು ದನಿಯಲ್ಲಿ ಮಾತ್ರ ವ್ಯಂಜನಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಕಣ್ಣಿದ್ದವರು ಪುಟದ ಮೇಲೆ ಕಣ್ಣಾಡಿಸುತ್ತಾರಲ್ಲ, ಅದು ಕಿವಿಗೆ ದಕ್ಕುವುದು ಈ ವೇಗದಲ್ಲೇ.

ದೋಷಗಳಿವೆ. ವಾಕ್ಯದ ಏರಿಳಿತ ಮರಗಟ್ಟಿದೆ. ಕಾದಂಬರಿ ಕೇಳಲು ಹೊಸ ದನಿಗಳೇ ಮೇಲು.

ಆದರೆ ‘ಇದಕ್ಕೆ ಕನ್ನಡವೇ ಬರುವುದಿಲ್ಲ, ಸುತ್ತೋಲೆ ಓದಿಸಿದರೆ ಏನೇನೋ ಬಡಬಡಿಸುತ್ತದೆ’ ಎನ್ನುವವರೊಂದಿಗೆ ನನಗೆ ಜಗಳವಿದೆ. ಆ ಸುತ್ತೋಲೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿತ್ತೇ, ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿತ್ತೇ ಎಂದು ಅವರು ನೋಡಿದ್ದಾರೆಯೆ? ಆ ಫಾಂಟಿನಲ್ಲಿ ಬೆರಳಚ್ಚಾದ ‘ಕನ್ನಡ’ ಎಂಬ ಪದದೊಳಗೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಕ ಕಾಣುವಲ್ಲಿ ಇಂಗ್ಲಿಷಿನ ದೊಡ್ಡ ಪಿ, ನ ಕಾಣುವಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ಒತ್ತಿನ ಜಾಗದಲ್ಲಿ ಜರ್ಮನ್ನರ ಎಸ್ಸೆಟ್ ಅಕ್ಷರ, ಡ ಕಾಣುವಲ್ಲಿ ಸಣ್ಣ ಕ್ಯೂ. ನಡುನಡುವೆ ನೆತ್ತಿಯ ಮೇಲೆ ಗೀಟು ಹೊತ್ತ ಎ. ಫಾಂಟು ಇವಕ್ಕೆಲ್ಲ ಕನ್ನಡದ ಆಕಾರ ತೊಡಿಸಿ ಕಣ್ಣನ್ನು ನಂಬಿಸುತ್ತದೆ. ಇ-ಸ್ಪೀಕ್ ಕಡತದಲ್ಲಿ ಇದ್ದದ್ದನ್ನೇ ಓದುತ್ತದೆ. ಎಂಥ ಇಂಪಿನ ದನಿ ತಂದು ಕೂರಿಸಿದರೂ ಅದರ ಎದುರು ಇರುವುದು ಈ ಪಿ, ಪೌಂಡ್, ಕ್ಯೂಗಳೇ. ಕಡತ ಹೊರಟ ಕಚೇರಿಯನ್ನು ಬಿಟ್ಟು ದನಿಯನ್ನು ದೂರುವ ವಿಮರ್ಶೆ, ಅಂಧ ನೌಕರನ ಮೇಜಿನ ಮೇಲಿನ ತೊಂದರೆಯನ್ನು ಇದ್ದಲ್ಲೇ ಉಳಿಸುತ್ತದೆ.

ಇನ್ನು ತಪ್ಪು ದನಿಯದೇ ಆಗಿದ್ದಲ್ಲಿ ತಿದ್ದಲು ದಾರಿಯಿದೆ: ಇ-ಸ್ಪೀಕ್‌ನ ಕನ್ನಡ ಉಚ್ಚಾರಣೆಯ ನಿಯಮಗಳು ಬರಿಯ ಪಠ್ಯ ಕಡತಗಳು. ಯಾರು ಬೇಕಾದರೂ ತೆರೆದು ತಿದ್ದಬಹುದು. ವಿಶ್ವವಿದ್ಯಾಲಯಗಳ ಭಾಷಾವಿಜ್ಞಾನಿಗಳು ಈ ಕೆಲಸಕ್ಕೆ ಕೂರಲಿ. ತಿದ್ದಿದ್ದು ಸರಿಯಾಯಿತೇ ಎಂದು ಹೇಳಲು, ದಿನಾ ಇದನ್ನೇ ಕೇಳಿ ಕಚೇರಿ ನಡೆಸುವ ಅಂಧರು ಪಕ್ಕದಲ್ಲಿರಲಿ.